ಬಾಟಲಿ ನಿಲ್ಲಬೇಕೋ ಮಲಗಬೇಕೋ, ಕೇಳುವವರು ಯಾರು?

(ಅಗರಖೇಡದಲ್ಲಿ ಕನ್ನಡದ ಗೆಳೆಯರು ಕರೆದ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ಕನ್ನಡದ ಸಭೆಯಲ್ಲಿ ನಾನು ದಾರೂ ಅಂಗಡಿಯ ಮೇಲೆ ಮಾತಾಡುತ್ತೇನೆ ಅಂದಾಗ ಕರೆಯಲು ಬಂದವರ ಮುಖ ಸಣ್ಣದಾಯಿತು. ಗಡಿಯ ಬಗ್ಗೆ ಹೇಳಿರಿ, ಮಹಾಜನ ವರದಿಯ ಬಗ್ಗೆ ಹೇಳಿರಿ, ಅಂಗಡಿ ಬೋರ್ಡಿನಲ್ಲಿ ನೂರಕ್ಕೆ ಅರವತ್ತು ಕನ್ನಡ ಇರಬೇಕೆಂಬ ಕಾಯ್ದೆಯ ಬಗ್ಗೆ ಹೇಳಿರಿ ಅಂದರು. ಅವನ್ನೆಲ್ಲ ಹೇಳುವವರು ಬಹಳ ಮಂದಿ ಇದ್ದಾರೆ, ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಪಿ.ಯು.ಸಿ. ಮುಗಿಸಿ ಅಪ್ಪನ ಟ್ರೆಡಲ್ ಮಷಿನ್ನಿಗೆ ಬಂದು ನಿಂತವನು. ನನಗೆ ಗೊತ್ತಿರುವುದು ನನ್ನ ಓಣಿ. ಆ ಓಣಿಯಲ್ಲಿ ಇಂದಿನ ದೊಡ್ಡ ಜಗಳ ಒಂದು ಅಂಗಡಿಯ ಮೇಲೆ. ಕನ್ನಡಕ್ಕೂ ಅದಕ್ಕೂ ಏನು ಸಂಬಂಧ ಅಂತ ಕೇಳುವವರು ಸ್ವಲ್ಪ ತಾಳಿಕೊಳ್ಳಿರಿ, ಸಂಬಂಧ ಇದೆ.

ಅಂಗಡಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಮಾತೆಲ್ಲ ಆ ಒಬ್ಬ ಮಾಲೀಕನ ತಲೆಯ ಮೇಲೆ ಹೋಗಿ ಕೂಡುತ್ತದೆ. ನಿಮ್ಮ ನಿಮ್ಮ ಊರಿನ ಅಂಗಡಿಯನ್ನು ಆ ಜಾಗದಲ್ಲಿಟ್ಟು ಕೇಳಿರಿ, ಹೊಂದಿಕೆಯಾಗುತ್ತದೆ. ತಗಡಿನ ಮಾಡು. ಸರಳು ಹಾಕಿದ ಕಿಂಡಿ. ಎದುರಿಗೆ ಎರಡು ಕೈಗಾಡಿ, ಒಂದರಲ್ಲಿ ಕುದಿಸಿದ ತತ್ತಿ, ಇನ್ನೊಂದರಲ್ಲಿ ಮಿರ್ಚಿ ಭಜಿ. ಗಟಾರಿನ ತುಂಬ ಪ್ಲಾಸ್ಟಿಕ್ ಲೋಟ, ನೀರಿನ ಪಾಕೀಟು. ಸಂಜೆ ಆರಕ್ಕೆ ಅಲ್ಲಿ ಹಮಾಲರು, ಗೌಂಡಿಗಳು, ಕಬ್ಬು ಕಡಿಯುವ ಗ್ಯಾಂಗಿನವರು, ಟಂಟಂ ಹೊಡೆಯುವವರು ಸೇರುತ್ತಾರೆ. ಎಂಟರ ಮೇಲೆ ಆ ದಾರಿಯಲ್ಲಿ ಹೆಣ್ಣುಮಕ್ಕಳು ಹೋಗುವುದಿಲ್ಲ, ಒಂದು ಫರ್ಲಾಂಗು ಸುತ್ತು ಹಾಕಿ ಹೋಗುತ್ತಾರೆ. ವಾರಕ್ಕೊಂದು ಸಲವಾದರೂ ಬಡಿದಾಟ. ಪರವಾನಗಿಯ ಪ್ರಕಾರ ಅದು ಸಿ.ಎಲ್.-2. ಅಂದರೆ ಮುಚ್ಚಿದ ಬಾಟಲಿ ಮಾರಬೇಕು, ಕೊಂಡವನು ತಗೊಂಡು ಹೋಗಬೇಕು. ಅಲ್ಲೇ ಕೂತು ಕುಡಿಯಬೇಕೆಂದರೆ ಸಿ.ಎಲ್.-9 ಬೇಕು, ಊಟ ತಿಂಡಿ ಇರಬೇಕು. ಅಲ್ಲಿ ನಿಂತು ಕುಡಿಯುವವರಿಗೆ ಈ ನಂಬರು ಗೊತ್ತಿಲ್ಲ. ನಂಬರು ಗೊತ್ತಿರುವ ಸಾಹೇಬರು ಸಂಜೆ ಆ ಕಡೆ ಬರುವುದಿಲ್ಲ!

ಪ್ರೆಸ್ಸು ಅಂದರೆ ಎಲ್ಲರೂ ಬರುವ ಜಾಗ. ಲಗ್ನಪತ್ರಿಕೆಗೆ ಬರುತ್ತಾರೆ, ಬಿಲ್ ಬುಕ್ಕಿಗೆ ಬರುತ್ತಾರೆ, ತಿಥಿಯ ಕಾರ್ಡಿಗೆ ಬರುತ್ತಾರೆ. ಪ್ರೂಫ್ ನೋಡುವ ನೆವದಲ್ಲಿ ತಾಸುಗಟ್ಟಲೆ ಕೂತು ಮಾತಾಡುತ್ತಾರೆ. ಹಾಗಾಗಿ ಆ ಅಂಗಡಿಯ ಬಗ್ಗೆ ನನ್ನ ಮೇಜಿನ ಮುಂದೆ ಬಾರದ ಅಭಿಪ್ರಾಯ ಇಲ್ಲ. ಅದನ್ನು ಮುಚ್ಚಿಸಬೇಕೆಂಬ ಕರಪತ್ರವನ್ನೂ ನಾನೇ ಅಚ್ಚು ಹಾಕಿದ್ದೇನೆ. ಆ ಅಂಗಡಿಯ ಹೊಸ ವರ್ಷದ ಕ್ಯಾಲೆಂಡರನ್ನೂ ನಾನೇ ಹಾಕಿದ್ದೇನೆ. ಕ್ಯಾಲೆಂಡರಿಗೆ ಲಕ್ಷ್ಮಿಯ ಚಿತ್ರವೇ ಆಗಬೇಕು ಅಂತ ಮಾಲೀಕರ ಹಟ. ಕರಪತ್ರ ಮಾಡಿಸಿದ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಚಿಲ್ಲರೆ ಎಣಿಸಿ ಕೊಟ್ಟರು, ಕ್ಯಾಲೆಂಡರಿನವರು ಐನೂರರ ನೋಟು ಕೊಟ್ಟರು. ಮಸಿ ಎರಡಕ್ಕೂ ಒಂದೇ.

ಮುಚ್ಚಬೇಕು ಅನ್ನುವವರ ಮಾತು ನಿಮಗೆಲ್ಲ ಗೊತ್ತು, ಅದನ್ನು ಉದ್ದ ಮಾಡುವುದಿಲ್ಲ. ಮನೆ ಹಾಳು, ಮೈ ಹಾಳು, ಮಕ್ಕಳ ಶಾಲೆ ಹಾಳು. ಎಷ್ಟು ಕುಡಿದರೂ ಅಪಾಯವೇ, ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ನಮ್ಮ ತಾಯಂದಿರಿಗೆ ಅದನ್ನು ಜಿನೀವಾದಿಂದ ಯಾರೂ ಬಂದು ಹೇಳಬೇಕಾಗಿರಲಿಲ್ಲ.

ಇರಲಿ ಅನ್ನುವವರ ಮಾತನ್ನು ನಾವು ಸಭೆಗಳಲ್ಲಿ ಕೇಳುವುದಿಲ್ಲ. ಕುಡುಕರ ಮಾತು ಅಂತ ತಳ್ಳಿಬಿಡುತ್ತೇವೆ. ನಾನು ಕೇಳಿದ್ದೇನೆ, ಅದನ್ನು ಇಲ್ಲಿ ಇಡುತ್ತೇನೆ. ನಮ್ಮ ಕಾಗದದ ಬಂಡಲು ಹೊರುವ ಹಮಾಲ ಒಬ್ಬ ಹೇಳಿದ: "ಯಜಮಾನ್ರ, ಚಾದಂಗಡ್ಯಾಗ ಒಳಗಿನ ಮಂದಿಗಿ ಕಪ್ಪು ಬಸಿ, ನನಗ ಹೊರಗ ನಿಂದ್ರಿಸಿ ಪ್ಲಾಸ್ಟಿಕ್ ಲೋಟ. ಗುಡಿ ಕಟ್ಟಿಗಿ ಕುಂತ್ರ ಎಬ್ಬಿಸ್ತಾರ. ಈ ಅಂಗಡ್ಯಾಗ ಎಲ್ಲಾರಿಗೂ ಒಂದ ನಮೂನಿ ಲೋಟ, ಒಂದ ನಮೂನಿ ಮಾತು. ಅಲ್ಲಿ ನನ್ನ ಜಾತಿ ಯಾರೂ ಕೇಳಂಗಿಲ್ಲ. ಅದನ್ನ ಮುಚ್ಚಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಸಂಜಿಗಿ ನಾ ಎಲ್ಲಿ ಕುಂದ್ರಲಿ, ಅದನ್ನೂ ಹೇಳ್ರಿ."

ಬಂಧುಗಳೆ, ಇದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯಲ್ಲೇ ಇದೆ. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯ ಎಂಬ ಹೆಸರೂ ಇದೆ. ಹೆಂಡ ಮಾರುವ ಕಾಯಕದವನು. ಅವನ ವಚನಗಳೂ ಉಳಿದಿವೆ. ಹೆಂಡ ಮಾರುವವನನ್ನೂ ಪಕ್ಕದಲ್ಲಿ ಕೂಡಿಸಿಕೊಂಡವರ ನಾಡಿನಲ್ಲಿ ಕಾಗದ ಹೊರುವವನಿಗೆ ಕೂಡಲು ಸಿಕ್ಕ ಜಾಗ ಇದೊಂದೇ ಅಂದರೆ, ಸ್ವಾಮಿ, ನಾಚಿಕೆ ಆ ಅಂಗಡಿಯ ಗಿರಾಕಿಗಲ್ಲ, ನಮಗೆ ಆಗಬೇಕು.

ಇನ್ನೊಂದು ಜಾತಿಯ ಅಭಿಪ್ರಾಯ ಕೇಳಿರಿ. ಇವರು ಓದಿದವರು. "ಈ ಅಂಗಡಿಯಿಂದ ನಮ್ಮ ಓಣಿಯ ಮರ್ಯಾದೆ ಹೋಯಿತು" ಅನ್ನುತ್ತಾರೆ. ಇದೇ ಮಹನೀಯರು ಶನಿವಾರ ರಾತ್ರಿ ಬೈಪಾಸಿನ ಕಡೆಗೆ ಹೋಗಿ, ಗಾಜಿನ ಬಾಗಿಲು ಹಾಕಿ, ಎ.ಸಿ. ಹಚ್ಚಿ ಕೂತು ಕುಡಿಯುತ್ತಾರೆ. ಅಲ್ಲಿ ಬಡಿದಾಟ ಆದರೆ ಅದು 'ಅಪಾರ್ಥ'. ಇಲ್ಲಿ ಆದರೆ ಅದು 'ಕುಡುಕರ ಹಾವಳಿ'. ಅಲ್ಲಿಂದ ಕಾರು ಹೊಡೆದುಕೊಂಡು ಬರುತ್ತಾರೆ, ಇಲ್ಲಿಂದ ನಡೆದು ಹೋಗುತ್ತಾರೆ. ಯಾವುದರಿಂದ ಹೆಚ್ಚು ಜೀವ ಹೋಗುತ್ತದೋ ನೀವೇ ಹೇಳಿರಿ. ಬಡವನ ಅಂಗಡಿ ಮುಚ್ಚಲಿ, ನಮ್ಮದು ಇರಲಿ ಅನ್ನುವ ಈ ಬೇಡಿಕೆಗೆ ನಾನು ಕರಪತ್ರ ಹಾಕಿ ಕೊಡುವುದಿಲ್ಲ.

ಅಂಗಡಿಯವರ ವಾದವನ್ನೂ ಹೇಳಿಬಿಡುತ್ತೇನೆ. "ನಾನು ಸರ್ಕಾರಕ್ಕೆ ರೊಕ್ಕ ಕಟ್ಟಿ ಮಾರುವವನು. ನಾನು ಮುಚ್ಚಿದರೆ ನಾಳೆ ಹಳ್ಳಿ ಹಳ್ಳಿಯ ಕಿರಾಣಿ ಅಂಗಡಿಯಲ್ಲಿ, ಪಾನ್ ಪಟ್ಟಿಯಲ್ಲಿ ಸಿಗುತ್ತದೆ." ಇದರಲ್ಲಿ ಅರ್ಧ ಸತ್ಯ ಇದೆ. ಉಳಿದರ್ಧ, ಆ ಕಿರಾಣಿ ಅಂಗಡಿಗೆ ಮಾಲು ಎಲ್ಲಿಂದ ಹೋಗುತ್ತದೆ ಅಂತ. ರಟ್ಟಿನ ಪೆಟ್ಟಿಗೆಗಟ್ಟಲೆ ಯಾವುದೋ ಪರವಾನಗಿ ಅಂಗಡಿಯ ಹಿಂಬಾಗಿಲಿನಿಂದಲೇ ತಾನೆ? ಪರವಾನಗಿ ಇಲ್ಲದೆ ಮಾರುವುದು ಅಬಕಾರಿ ಕಾಯ್ದೆಯಲ್ಲಿ ಅಪರಾಧ. ಆದರೂ ಕೊತ್ತಂಬರಿಗೆ ಹೋದ ಹುಡುಗನ ಕಣ್ಣಿಗೆ ಬಾಟಲಿ ಬೀಳುತ್ತದೆ. ಓಣಿಯ ಕೊನೆಗಿರುವ ಹೊಲಸು ಬಾರಿಗಿಂತ ಕಿರಾಣಿ ಅಂಗಡಿಯ ಸ್ವಚ್ಛ ಬಾಟಲಿಯೇ ಹೆಚ್ಚು ಅಪಾಯ ಅಂತ ನನ್ನ ಅಭಿಪ್ರಾಯ. ಬಾರಿಗೆ ಹೋದವನನ್ನು ಊರು ನೋಡುತ್ತದೆ. ಕಿರಾಣಿಗೆ ಹೋದವನನ್ನು ಯಾರು ನೋಡುತ್ತಾರೆ?

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಈ ಜಗಳ ಇವತ್ತಿನದಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಅಲ್ಲಿ 1949ರ ಪಾನನಿರೋಧ ಕಾಯ್ದೆ. ಕುಡಿಯುವುದಕ್ಕೆ ಸರ್ಕಾರದ ಪರ್ಮಿಟ್ ಬೇಕು. ಆ ಕಾಯ್ದೆ ಮಹಾರಾಷ್ಟ್ರದಲ್ಲಿ ಇವತ್ತಿಗೂ ಇದೆ. ಸೊಲ್ಲಾಪುರದ ಕಡೆ ಬಾರಿನ ಬೋರ್ಡಿನ ಮೇಲೆ 'ಪರ್ಮಿಟ್ ರೂಮ್' ಅಂತ ಯಾಕೆ ಬರೆದಿರುತ್ತದೆ ಅಂತ ನಿಮ್ಮಲ್ಲಿ ಕೆಲವರು ತಲೆ ಕೆರೆದುಕೊಂಡಿರಬಹುದು, ಅದರ ಮೂಲ ಇದು. ನಮ್ಮ ಅಜ್ಜಂದಿರು ಆ ಪಾನನಿರೋಧದ ಕಾಲದಲ್ಲಿ ಹೊಳೆಯ ಹುಲ್ಲಿನಲ್ಲಿ ಕಳ್ಳಭಟ್ಟಿ ಕಾಸುತ್ತಿದ್ದ ಕಥೆ ಹೇಳುತ್ತಿದ್ದರು. ನಗುತ್ತಾ ಹೇಳುತ್ತಿದ್ದರು. ಅಜ್ಜಿಯರು ಮಾತ್ರ ನಗುತ್ತಿರಲಿಲ್ಲ.

ಆಮೇಲೆ ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾಯ್ದೆ ಬಂತು. ಪಾನನಿರೋಧ ಹೋಯಿತು, ಸಾರಾಯಿ ಹರಾಜು ಬಂತು. ನಾನು ಹುಡುಗನಾಗಿದ್ದಾಗ ಸಾರಾಯಿ ಪಾಕೀಟಿನ ಕಾಲ. ಮೂಲೆ ಹಲ್ಲಿನಿಂದ ಕಚ್ಚಿ ಹರಿದು ಬಾಯಿಗೆ ಸುರಿದುಕೊಳ್ಳುವುದು, ಮುಗಿಯಿತು. ಅದರಲ್ಲಿದ್ದದ್ದು ಏನು? ಕಾಕಂಬಿಯಿಂದ ತೆಗೆದ ಸ್ಪಿರಿಟ್, ಅದಕ್ಕೆ ನೀರು. ಕಾಕಂಬಿ ಯಾವುದರಿಂದ? ನಮ್ಮ ಭೀಮಾ ದಂಡೆಯಂಥ ಕಡೆಗಳಲ್ಲಿ ಬೆಳೆದ ಕಬ್ಬಿನಿಂದ. ಇಂದು ಇಂಗ್ಲಿಷ್ ಹೆಸರು ಹೊತ್ತ ಅಗ್ಗದ ವಿಸ್ಕಿಯ ಒಳಗೂ ಬಹುಪಾಲು ಅದೇ ಕಾಕಂಬಿಯ ಸ್ಪಿರಿಟ್, ಮೇಲೆ ಬಣ್ಣ, ವಾಸನೆ. ಕಬ್ಬು ಕಡಿಯುವವನು ಸಂಜೆ ಹೋಗಿ ಕುಡಿಯುವುದು ತಾನು ಕಡಿದದ್ದನ್ನೇ. ಬೆಲೆ ಮಾತ್ರ ಬೇರೆ.

ಸಾರಾಯಿಯನ್ನು 2007ರ ಜುಲೈ 1ರಿಂದ ನಿಲ್ಲಿಸಿದರು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪ ಹಣಕಾಸು ಮಂತ್ರಿ. ಒಳ್ಳೆಯ ಉದ್ದೇಶ, ಅನುಮಾನವಿಲ್ಲ. ಆದರೆ ಸಾರಾಯಿ ಹೋದ ಮೇಲೆ ಕುಡಿಯುವವನು ಕುಡಿಯುವುದು ಬಿಟ್ಟನೆ? ತೊಂಬತ್ತು ಎಂ.ಎಲ್. ವಿಸ್ಕಿಗೆ ಹೋದ, ಅದಕ್ಕೆ ಹೆಚ್ಚು ರೊಕ್ಕ ಕೊಟ್ಟ. ಅದೂ ಎಟುಕದವರು ಕಳ್ಳಭಟ್ಟಿಗೆ ಹೋದರು. ಒಂದು ವರ್ಷವೂ ಆಗಿರಲಿಲ್ಲ, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆ ಮತ್ತು ಗಡಿಯಾಚೆ ತಮಿಳುನಾಡಿನ ಕೃಷ್ಣಗಿರಿಯ ಕಡೆ ವಿಷದ ಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಮಿಥೈಲ್ ಆಲ್ಕೋಹಾಲು. ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಜೀವ. ಆದರೆ ಇಷ್ಟನ್ನೇ ಹೇಳಿ ನಿಷೇಧವೇ ತಪ್ಪು ಅನ್ನುವವರಿಗೆ ಇನ್ನೊಂದು ಇಸವಿ ನೆನಪು ಮಾಡುತ್ತೇನೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಹಾಗೆಯೇ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಆಗ ನಿಷೇಧ ಇರಲಿಲ್ಲ, ಸರ್ಕಾರಿ ಸಾರಾಯಿ ಅಂಗಡಿಗಳು ತೆರೆದೇ ಇದ್ದವು. ಮುಚ್ಚಿದರೂ ಸತ್ತರು, ತೆರೆದರೂ ಸತ್ತರು. ಎರಡು ಸಲವೂ ಸತ್ತವರು ಒಂದೇ ವರ್ಗದವರು.

ಈಗ ನನ್ನ ಪ್ರೆಸ್ಸಿನ ಮಾತು. ನಮ್ಮಲ್ಲಿ ಒಬ್ಬರು ಮಷಿನ್‌ಮನ್ ಇದ್ದರು. ಅಪ್ಪನ ಕಾಲದಿಂದ ಇದ್ದವರು. ಟ್ರೆಡಲ್ ಬಾಯಿ ತೆರೆದು ಮುಚ್ಚುವ ಆ ಒಂದು ಕ್ಷಣದಲ್ಲಿ ಕೈ ಹಾಕಿ ಕಾಗದ ಇಟ್ಟು ತೆಗೆಯುವ ಕೆಲಸ. ಗಂಟೆಗೆ ಸಾವಿರ ಸಲ. ಅವರ ಕೈಯಂಥ ಕೈ ನಾನು ಕಂಡಿಲ್ಲ. ಆಫ್‌ಸೆಟ್ ಬಂದ ಮೇಲೂ ಇಟ್ಟುಕೊಂಡಿದ್ದೆ. ಸಂಜೆಯಾದರೆ ಓಣಿಯ ಕೊನೆಗೆ. ಬರಬರುತ್ತಾ ಮಧ್ಯಾಹ್ನಕ್ಕೂ ಅಲ್ಲಿಗೆ. ಕೈ ನಡುಗಲು ಶುರುವಾಯಿತು, ಕುಡಿದರೆ ನಡುಕ ನಿಲ್ಲುತ್ತಿತ್ತು. ಕುಡಿತದಿಂದ ಬಂದ ನಡುಕಕ್ಕೆ ಕುಡಿತವೇ ಔಷಧ! ಇಂಥ ರೋಗ ಬೇರೆ ಯಾವುದಿದೆ?

2020ರ ಮಾರ್ಚ್ 25ಕ್ಕೆ ದೇಶವೇ ಬಂದಾಯಿತು. ಲಗ್ನಗಳಿಲ್ಲ, ಪತ್ರಿಕೆಗಳಿಲ್ಲ, ಪ್ರೆಸ್ಸಿಗೆ ಕೀಲಿ. ಅಂಗಡಿಗೂ ಕೀಲಿ. ಮೂರನೆಯ ದಿನ ರಾತ್ರಿ ಅವರ ಮನೆಯವರು ಫೋನ್ ಮಾಡಿದರು. ಗೋಡೆಯ ಮೇಲೆ ಇರುವೆ ಹತ್ತುತ್ತಿವೆ ಅಂತ ಕೂಗುತ್ತಿದ್ದಾರೆ, ಮೈಯೆಲ್ಲ ಬೆವರು, ಒಂದು ಸಲ ಫಿಟ್ಸ್ ಬಂತು ಅಂತ. ಪೊಲೀಸರಿಗೆ ಕೈ ಮುಗಿದು, ಟಂಟಂ ಮಾಡಿ ಆಸ್ಪತ್ರೆಗೆ ಒಯ್ದೆವು. ವರ್ಷಗಟ್ಟಲೆ ಕುಡಿದವನಿಗೆ ಒಮ್ಮೆಲೇ ನಿಲ್ಲಿಸಿದರೆ ಹೀಗಾಗುತ್ತದೆ, ಔಷಧ ಕೊಡದಿದ್ದರೆ ಜೀವಕ್ಕೂ ಬರುತ್ತದೆ ಅಂತ ಡಾಕ್ಟರು ಹೇಳಿದರು. ವಾರ ಕಳೆದ ಮೇಲೆ ಸುಧಾರಿಸಿದರು. ಆಮೇಲೆ ಒಂದು ತಿಂಗಳು ಆ ಮನುಷ್ಯ ಮಕ್ಕಳ ಸಂಗಡ ಕೂತು ಉಂಡರು. ಮೊಮ್ಮಗಳಿಗೆ ಮೊಳೆ ಜೋಡಿಸಿ ಹೆಸರು ಅಚ್ಚು ಹಾಕಿ ಕೊಟ್ಟರು. ಮೇ 4ಕ್ಕೆ ಅಂಗಡಿ ತೆಗೆದರು. ಆ ಒಂದೇ ದಿನ ರಾಜ್ಯದಲ್ಲಿ 45 ಕೋಟಿ, ಮರುದಿನ 197 ಕೋಟಿ ರೂಪಾಯಿಯ ಮಾರಾಟ ಆಯಿತೆಂದು ಪತ್ರಿಕೆಗಳಲ್ಲಿ ಬಂತು. ಪಾಳಿಯ ಫೋಟೋ ಹಾಕಿ ಎಲ್ಲರೂ ನಕ್ಕರು. ನಮ್ಮ ಓಣಿಯ ಪಾಳಿಯಲ್ಲಿ ನಮ್ಮ ಮಷಿನ್‌ಮನ್ನರೂ ಇದ್ದರು. ಎರಡು ವರ್ಷಕ್ಕೆ ತೀರಿಕೊಂಡರು, ಲಿವರು.

ಅವರ ಮನೆಯವರಿಗೆ ನಾನು ಒಮ್ಮೆ ಕೇಳಿದೆ, ಆ ಅಂಗಡಿ ಇರಬೇಕೋ ಹೋಗಬೇಕೋ ಅಂತ. ಅವರು ಹೇಳಿದ್ದು ಇದು: "ಮುಚ್ಚಿದ್ ಮೂರ್ ರಾತ್ರ್ಯಾಗ ನಾ ಅಂಜಿದಂಗ ಇಪ್ಪತ್ ವರ್ಷದಾಗ ಅಂಜಿಲ್ಲ. ಆಮ್ಯಾಲಿನ ಒಂದ್ ತಿಂಗಳದಾಗ ನಾ ಸುಖಾ ಪಟ್ಟಂಗ ಇಪ್ಪತ್ ವರ್ಷದಾಗ ಪಟ್ಟಿಲ್ಲ. ಮುಚ್ಚಾಕೂ ನನ್ನ ಕೇಳ್ಲಿಲ್ಲ, ತೆರಿಯಾಕೂ ನನ್ನ ಕೇಳ್ಲಿಲ್ಲ. ಈಗ ನೀವು ಕೇಳಿದ್ರ ಏನ್ ಹೇಳಲಿ?"

ಬಂಧುಗಳೆ, ನಾನು ಹೇಳಲು ಬಂದದ್ದು ಈ ಮಾತನ್ನೇ. ಅಂಗಡಿಯ ಬಗ್ಗೆ ಹಮಾಲನ ಅಭಿಪ್ರಾಯ ಇದೆ, ಮಾಸ್ತರರ ಅಭಿಪ್ರಾಯ ಇದೆ, ಮಾಲೀಕನದು ಇದೆ, ಸರ್ಕಾರದ್ದಂತೂ ಇದ್ದೇ ಇದೆ. ಸರ್ಕಾರದ ಅಭಿಪ್ರಾಯ ಅಂಕಿಯಲ್ಲಿ ಇರುತ್ತದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಗೃಹಲಕ್ಷ್ಮಿಗೆ ಇಟ್ಟದ್ದು ಸುಮಾರು 28,000 ಕೋಟಿ. 2023ರ ಆಗಸ್ಟಿನಿಂದ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ ಎರಡು ಸಾವಿರ. ಅದಕ್ಕೆ ಒಂದು ತಿಂಗಳು ಮುಂಚೆ, ಜುಲೈಯಲ್ಲಿ, ಮದ್ಯದ ಮೇಲಿನ ಸುಂಕವನ್ನು ನೂರಕ್ಕೆ ಇಪ್ಪತ್ತು ಏರಿಸಿದ್ದರು. ಗೃಹಲಕ್ಷ್ಮಿಯನ್ನು ನಾನು ಬೈಯುವುದಿಲ್ಲ, ಬೈಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಎಷ್ಟೋ ಮನೆಯ ಒಲೆ ಅದರಿಂದ ಹೊತ್ತಿದೆ. ಆದರೆ ಹೆಂಡತಿಯ ಖಾತೆಗೆ ಹಾಕಿದ್ದು ಗಂಡನ ಕಿಸೆಯಿಂದ ಕಿಂಡಿಯ ಮೂಲಕ ವಾಪಸು ಬರುತ್ತದೆಯೋ ಇಲ್ಲವೋ, ಲೆಕ್ಕ ನೀವೇ ಮಾಡಿರಿ. ಸಂವಿಧಾನದ 47ನೆಯ ವಿಧಿಯಲ್ಲಿ ಪಾನನಿರೋಧ ತರಲು ಸರ್ಕಾರ ಪ್ರಯತ್ನ ಮಾಡತಕ್ಕದ್ದು ಎಂದಿದೆ. ಪ್ರಯತ್ನ ಯಾವ ದಿಕ್ಕಿನಲ್ಲಿ ನಡೆದಿದೆ ಎಂಬುದನ್ನು ಆ ಗುರಿಯೇ ಹೇಳುತ್ತದೆ.

ಮನೆಯ ಹೆಣ್ಣಿನ ಅಭಿಪ್ರಾಯ ಮಾತ್ರ ಯಾವ ಕಾಗದದ ಮೇಲೂ ಇಲ್ಲ. ಈಗ ಕನ್ನಡದ ಸಂಬಂಧಕ್ಕೆ ಬಂದೆ, ಗಮನವಿಟ್ಟು ಕೇಳಿರಿ. ಇಲ್ಲಿಂದ ಹೊಳೆಯ ಕಡೆಗೆ ಹೋಗಿ ಗಡಿ ದಾಟಿದರೆ ಸೊಲ್ಲಾಪುರ ಜಿಲ್ಲೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಕನ್ನಡ ಮಾತಾಡುವ ನಮ್ಮ ಅಕ್ಕತಂಗಿಯರೇ ಇದ್ದಾರೆ, ನಿಮ್ಮ ಮನೆಯ ಹೆಣ್ಣು ಅಲ್ಲಿಗೆ ಹೋಗಿದೆ, ಅಲ್ಲಿಯ ಹೆಣ್ಣು ನಿಮ್ಮ ಮನೆಗೆ ಬಂದಿದೆ. ಮಹಾರಾಷ್ಟ್ರದಲ್ಲಿ ಒಂದು ನಿಯಮ ಇದೆ. ಊರಿನ ಅಥವಾ ವಾರ್ಡಿನ ಹೆಣ್ಣು ಮತದಾರರಲ್ಲಿ ಕಾಲು ಭಾಗ ಜನ ಅರ್ಜಿ ಕೊಟ್ಟರೆ, ಅಲ್ಲಿಯ ದಾರೂ ಅಂಗಡಿ ಇರಬೇಕೋ ಬೇಡವೋ ಎಂದು ಗುಪ್ತ ಮತದಾನ ನಡೆಸಬೇಕು. ಮತಪತ್ರದಲ್ಲಿ ಎರಡು ಚಿತ್ರ. ಒಂದು ನಿಂತ ಬಾಟಲಿ, ಒಂದು ಮಲಗಿದ ಬಾಟಲಿ. ಮರಾಠಿಯಲ್ಲಿ 'ಉಭೀ ಬಾಟ್ಲೀ, ಆಡವೀ ಬಾಟ್ಲೀ' ಅನ್ನುತ್ತಾರೆ. ಅರ್ಧಕ್ಕಿಂತ ಹೆಚ್ಚು ಜನ ಮಲಗಿದ ಬಾಟಲಿಗೆ ಗುರುತು ಹಾಕಿದರೆ ಅಂಗಡಿ ಮುಚ್ಚಬೇಕು. ಓದು ಬಾರದವರೂ ಹಾಕಬಹುದು, ಚಿತ್ರಕ್ಕೆ ಭಾಷೆ ಬೇಡ. ಗಂಡ ಪಕ್ಕದಲ್ಲಿ ನಿಂತಿರುವಂತಿಲ್ಲ. ಹೀಗೆ ಮತ ಹಾಕಿ ಅಂಗಡಿ ಮುಚ್ಚಿಸಿದ ಊರುಗಳು ಅಲ್ಲಿ ಇವೆ. ಮತದಾನದಲ್ಲಿ ಸೋತು ಅಂಗಡಿ ಉಳಿದ ಊರುಗಳೂ ಇವೆ. ಉಳಿದರೂ ಚಿಂತೆಯಿಲ್ಲ, ಕೇಳಿದರಲ್ಲ!

ಹೊಳೆಯ ಆಚೆಗಿನ ಕನ್ನಡದ ತಾಯಿಗೆ ಮರಾಠಿ ಸರ್ಕಾರ ಕೊಟ್ಟ ಆ ಹಕ್ಕು, ಈಚೆಗಿನ ಕನ್ನಡದ ತಾಯಿಗೆ ಕನ್ನಡದ ಸರ್ಕಾರ ಕೊಟ್ಟಿಲ್ಲ. ನಮ್ಮ ಅಬಕಾರಿ ನಿಯಮಗಳಲ್ಲಿ ದೂರದ ಲೆಕ್ಕ ಇದೆ: ಶಾಲೆ, ಗುಡಿ, ಆಸ್ಪತ್ರೆಯಿಂದ 100 ಮೀಟರ್ ಒಳಗೆ ಇರಬಾರದು, ಪರಿಶಿಷ್ಟ ಜಾತಿ ಪಂಗಡದವರೇ ಹೆಚ್ಚಾಗಿರುವ ವಸತಿಯಲ್ಲಿ ಇರಬಾರದು. ಟೇಪು ಹಿಡಿದು ಅಳೆಯುತ್ತಾರೆ, ಮನುಷ್ಯರನ್ನು ಕೇಳುವುದಿಲ್ಲ. ಗ್ರಾಮಸಭೆ ಬೇಡವೆಂದು ಠರಾವು ಮಾಡಿದರೂ ಅದು ಇಲಾಖೆಯನ್ನು ಕಟ್ಟಿಹಾಕುವುದಿಲ್ಲ. ಇದನ್ನು ಬದಲಿಸಿರಿ, ಗ್ರಾಮಸಭೆಗೆ ಅಧಿಕಾರ ಕೊಡಿರಿ ಅಂತಲೇ 2019ರ ಜನವರಿಯಲ್ಲಿ ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಸಾವಿರಗಟ್ಟಲೆ ಸೇರಿ ಚಿತ್ರದುರ್ಗದಿಂದ ಬೆಂಗಳೂರಿನ ತನಕ ಇನ್ನೂರು ಕಿಲೋಮೀಟರ್ ನಡೆದರು. ರಾಯಚೂರಿನ ಕಡೆ ಹುಟ್ಟಿದ ಮದ್ಯ ನಿಷೇಧ ಆಂದೋಲನದವರು. ಹರಿದ ಚಪ್ಪಲಿಯಲ್ಲಿ ನಡೆದರು, ರಸ್ತೆಯ ಪಕ್ಕದಲ್ಲಿ ಮಲಗಿದರು. ಕನ್ನಡಕ್ಕಾಗಿ ಹೋರಾಡುವ ನಾವು ಆಗ ಎಲ್ಲಿದ್ದೆವು? ಅವರು ಕೇಳಿದ್ದೂ ಕನ್ನಡದಲ್ಲಿಯೇ ಅಲ್ಲವೆ?

ಅಕ್ಷರಕ್ಕೂ ಇದಕ್ಕೂ ಸಂಬಂಧ ಇದೆ ಅಂತ ತೋರಿಸಿದ್ದು ಆಂಧ್ರದವರು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ ಹೆಣ್ಣುಮಕ್ಕಳು ಸಾರಾಯಿ ಅಂಗಡಿ ಮುಚ್ಚಿಸಿದರು. ರಾತ್ರಿ ಶಾಲೆಯಲ್ಲಿ ಅವರು ತೆಲುಗು ಅಕ್ಷರ ಕಲಿಯುತ್ತಿದ್ದ ಪುಸ್ತಕದಲ್ಲಿ ಸಾರಾಯಿಯಿಂದ ಹಾಳಾದ ಮನೆಯ ಪಾಠ ಇತ್ತು. ಓದಿದರು, ಇದು ನಮ್ಮದೇ ಕಥೆ ಅಂದರು, ಎದ್ದು ಹೋದರು. ಮರುವರ್ಷ ಆ ರಾಜ್ಯದಲ್ಲಿ ಸಾರಾಯಿ ನಿಂತಿತು, 1995ರಲ್ಲಿ ಎನ್.ಟಿ. ರಾಮರಾವ್ ಪೂರ್ತಿ ನಿಷೇಧ ತಂದರು, 1997ರಲ್ಲಿ ಅದು ಸಡಿಲಾಯಿತು. ಮೇಲಿನಿಂದ ಬಂದ ನಿಷೇಧ ಎರಡು ವರ್ಷ ಬಾಳಿತು. ಅಚ್ಚು ಹಾಕುವವನಾಗಿ ನನಗೆ ಹಿಡಿಸಿದ್ದು ಆ ಪಾಠಪುಸ್ತಕ. ತಾಯಿನುಡಿಯಲ್ಲಿ ಅಚ್ಚಾದ ಒಂದು ಪುಟ!

ಇನ್ನು ನಮ್ಮ ಬಾಟಲಿಯ ಮೇಲಿನ ಅಚ್ಚು ನೋಡಿರಿ. ನಾನು ಕಸದಲ್ಲಿ ಬಿದ್ದದ್ದನ್ನು ಎತ್ತಿ ಭೂತಗಾಜಿನಲ್ಲಿ ನೋಡುವ ಚಟದವನು, ಹೆಂಡತಿ ಬೈಯುತ್ತಾಳೆ. ಕುಡಿತ ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆ ಇಂಗ್ಲಿಷಿನಲ್ಲಿರಬೇಕು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮ ಹೇಳುತ್ತದೆ. ರಾಜ್ಯ ಬಯಸಿದರೆ ಸ್ಥಳೀಯ ಭಾಷೆಯಲ್ಲಿ ಹಾಕಿಸಬಹುದು, ಆಗ ಇಂಗ್ಲಿಷ್ ಬೇಕಾಗಿಯೂ ಇಲ್ಲ ಎಂದೂ ಅದರಲ್ಲೇ ಇದೆ. ಅಕ್ಷರದ ಎತ್ತರ ದೊಡ್ಡ ಬಾಟಲಿಗೆ 3 ಮಿಲಿಮೀಟರ್, 200 ಎಂ.ಎಲ್. ತನಕದ್ದಕ್ಕೆ ಒಂದೂವರೆ ಮಿಲಿಮೀಟರ್ ಸಾಕು. ಲಗ್ನಪತ್ರಿಕೆಯ ಕೆಳಗೆ 'ಉಡುಗೊರೆ ಸ್ವೀಕರಿಸುವುದಿಲ್ಲ' ಅಂತ ಹಾಕುತ್ತೇವಲ್ಲ, ಅದಕ್ಕಿಂತ ಸಣ್ಣದು. ಸಾಹುಕಾರ ಕೊಳ್ಳುವ ದೊಡ್ಡ ಬಾಟಲಿಗೆ ದೊಡ್ಡ ಅಕ್ಷರ, ಹಮಾಲ ಕೊಳ್ಳುವ ತೊಂಬತ್ತರ ಪಾಕೀಟಿಗೆ ಇರುವೆಯಂಥ ಅಕ್ಷರ. ಅದೂ ಅವನಿಗೆ ಬಾರದ ಭಾಷೆಯಲ್ಲಿ! ರಾಜ್ಯಕ್ಕೆ ಅಧಿಕಾರ ಇರುವ ಕಡೆ ಕನ್ನಡವನ್ನು ಕಡ್ಡಾಯ ಮಾಡಿಸುವುದು ನಮ್ಮ ಕೆಲಸ ಅಲ್ಲದೆ ಮತ್ತೆ ಯಾರದ್ದು?

ಕಾಯ್ದೆಯೊಂದರಿಂದಲೇ ಆಗುತ್ತದೆ ಅಂತ ನಾನು ನಂಬಿಲ್ಲ. ಇಳಕಲ್ಲಿನ ಮಹಾಂತಪ್ಪಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು. ಕಾಳು ಕಡಿ ಬೇಡಲಿಲ್ಲ, ನಿಮ್ಮ ಚಟ ಈ ಜೋಳಿಗೆಗೆ ಹಾಕಿರಿ ಅಂದರು. ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ಸರ್ಕಾರವೇ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ಜುಲೈ 31ಕ್ಕೂ ಆಗಸ್ಟ್ 2ಕ್ಕೂ ಗುರಿ ತಲುಪಿತೇ ಅಂತ ಕೇಳುತ್ತದೆ, ಅದು ಬೇರೆ ಮಾತು. ಜೋಳಿಗೆಗೆ ಹಾಕಿದವನಿಗೆ ಮರುದಿನ ನಡುಕ ಬಂದರೆ ಮಲಗಲು ತಾಲೂಕು ಆಸ್ಪತ್ರೆಯಲ್ಲಿ ಹಾಸಿಗೆ ಬೇಕು, ಔಷಧ ಬೇಕು. ನಮ್ಮ ಮಷಿನ್‌ಮನ್ನರಿಗೆ ಒಂದು ವಾರ ಸಿಕ್ಕಿತು, ಆ ಮೇಲೆ ಕೈ ಹಿಡಿಯುವವರು ಸಿಗಲಿಲ್ಲ. ಮತ್ತು ಹಮಾಲ ಕೇಳಿದ ಪ್ರಶ್ನೆ ಹಾಗೆಯೇ ಇದೆ. ಸಂಜೆ ಅವನು ಕೂಡುವುದೆಲ್ಲಿ? ಪಂಚಾಯತಿಯ ವಾಚನಾಲಯ ಸಂಜೆ ಆರಕ್ಕೆ ಕೀಲಿ ಬೀಳುತ್ತದೆ, ಆರಕ್ಕೇ ಅವನ ಕೆಲಸ ಬಿಡುತ್ತದೆ. ಕನ್ನಡ ಪತ್ರಿಕೆ ಒಳಗೆ, ಕನ್ನಡಿಗ ಹೊರಗೆ. ವಾಚನಾಲಯ ರಾತ್ರಿ ಒಂಬತ್ತರ ತನಕ ತೆರೆದಿರಲಿ, ಅಲ್ಲಿ ಒಂದು ಚಹಾದ ಕೆಟಲ್ ಇರಲಿ, ಎಲ್ಲರಿಗೂ ಒಂದೇ ನಮೂನೆಯ ಕಪ್ಪಿರಲಿ. ಇದಕ್ಕೆ ಬೆಂಗಳೂರಿನ ಅಪ್ಪಣೆ ಬೇಕಾಗಿಲ್ಲ.

ನೀನು ಯಾವ ಕಡೆ, ನಿಂತ ಬಾಟಲಿಯೋ ಮಲಗಿದ ಬಾಟಲಿಯೋ ಅಂತ ನನ್ನನ್ನು ಕೇಳಿದರೆ ಹೇಳುತ್ತೇನೆ. ನಮ್ಮ ಓಣಿಯ ಅಂಗಡಿ ಓಣಿಯಲ್ಲಿ ಇರಬಾರದು ಅಂತ ನನ್ನ ಅಭಿಪ್ರಾಯ. ಆದರೆ ನನ್ನದು ಒಂದು ಅಭಿಪ್ರಾಯ, ಮತ್ತು ನಾನು ಗಂಡಸು, ರಾತ್ರಿ ಎಂಟಕ್ಕೆ ನೆಟ್ಟಗೆ ಆ ದಾರಿಯಲ್ಲೇ ನಡೆದು ಹೋಗುವವನು. ಸುತ್ತು ಹಾಕಿ ಹೋಗುವವರ ಮತ ನನ್ನದಕ್ಕಿಂತ ತೂಕದ್ದು.

ಅಬಕಾರಿಯ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಪರವಾನಗಿ ನವೀಕರಣ ಅಷ್ಟರೊಳಗೆ ಆಗಬೇಕು. ತಕರಾರು ಕೊಡುವವರು ಅದಕ್ಕೂ ಮುಂಚೆಯೇ ಜಿಲ್ಲಾಧಿಕಾರಿಗಳಿಗೆ, ವಿಜಯಪುರದ ಅಬಕಾರಿ ಉಪ ಆಯುಕ್ತರಿಗೆ ಬರಹದಲ್ಲಿ ಕೊಡಬೇಕು, ಸ್ವೀಕೃತಿ ಸಹಿ ಮತ್ತು ಸೀಲು ತೆಗೆದುಕೊಳ್ಳಬೇಕು. ಬಾಯಿಮಾತಿನ ತಕರಾರು ಗಾಳಿಗೆ. ಅರ್ಜಿಯ ನಮೂನೆ ನಾನು ಅಚ್ಚು ಹಾಕಿ ತಂದಿದ್ದೇನೆ, ಐನೂರು ಪ್ರತಿ. ಅದರಲ್ಲಿ ನಾಲ್ಕು ಬೇಡಿಕೆ ಇವೆ: ಹೊಳೆಯಾಚೆ ಇರುವಂಥ ಮತದಾನ ನಮ್ಮಲ್ಲೂ ಬರಲಿ, ಕಿರಾಣಿ ಅಂಗಡಿಯ ಮಾರಾಟ ನಿಲ್ಲಲಿ, ಎಚ್ಚರಿಕೆ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರಲಿ, ಕುಡಿತ ಬಿಡುವವರಿಗೆ ತಾಲೂಕಿನಲ್ಲಿ ಹಾಸಿಗೆ ಸಿಗಲಿ. ಅಕ್ಷರ ಹದಿನೆಂಟು ಪಾಯಿಂಟು, ಕನ್ನಡಕ ಬೇಕಾಗಿಲ್ಲ. ಕಾಗದ ನನ್ನದು, ಬಿಲ್ ಇಲ್ಲ. ಮೇಜು ಹಿಂದಿನ ಬಾಗಿಲಿನ ಹತ್ತಿರ, ತಾಯಂದಿರು ನಿಂತಿರುವ ಕಡೆಯೇ ಇಡಿಸಿದ್ದೇನೆ. ಮೊದಲ ಪಾಳಿ ಅವರದು. ಸಹಿ ಬಾರದವರಿಗೆ ಹೆಬ್ಬೆಟ್ಟಿನ ಪ್ಯಾಡು ಇದೆ, ಮಸಿ ಹೊಸದು ಹಾಕಿದ್ದೇನೆ. ಗಂಡಸರು ಸ್ವಲ್ಪ ಕೂಡಿರಿ.